ಹಾಳಾದ ಫೋಟೋಗಳನ್ನು ಅಳಿಸಬೇಡಿ, ಮೊದಲ ಕ್ಯಾಮೆರಾ ಯಾವುದೆಂದು ಅವೇ ಹೇಳುತ್ತವೆ

ಹೊಸದಾಗಿ ಫೋಟೋ ತೆಗೆಯಲು ಶುರು ಮಾಡಿದವರ ಒಂದು ಕೂಟದಲ್ಲಿ ಹೋದ ತಿಂಗಳು ಮಾತಾಡಿದ್ದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಮಾತಿನಲ್ಲಿ ಎಡವಿದ್ದನ್ನು ಸರಿ ಮಾಡಿದ್ದೇನೆ, ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ನಾನು ಮೈಕ್ ಹಿಡಿಯುವ ಮೊದಲೇ ಮುಂದಿನ ಸಾಲಿನಿಂದ ಒಬ್ಬರು, "ಸರ್, ಸುಮ್ನೆ ಒಂದು ಕ್ಯಾಮೆರಾ ಹೆಸರು ಹೇಳಿಬಿಡಿ, ತಗೊಂಡುಬಿಡ್ತೀನಿ" ಅಂದರು. ಎಲ್ಲರೂ ನಕ್ಕರು. ನಕ್ಕವರಲ್ಲಿ ಅರ್ಧ ಜನ ಬಂದಿದ್ದೇ ಆ ಹೆಸರಿಗಾಗಿ ಅನ್ನುವುದು ನನಗೂ ಗೊತ್ತು. ನಾನು ಅವರನ್ನು ಕೇಳಿದೆ, "ನಿಮ್ಮ ಫೋನಿನಲ್ಲಿ ಹಾಳಾದ ಫೋಟೋ ಇದ್ದರೆ ತೋರಿಸಿ." ಅವರು ಸ್ವಲ್ಪ ಹೊತ್ತು ಹುಡುಕಿದರು. ಆಮೇಲೆ, "ಇಲ್ಲ ಸರ್, ಸರಿಯಾಗಿ ಬರದೇ ಇದ್ದದ್ದನ್ನೆಲ್ಲ ಅವತ್ತೇ ಡಿಲೀಟ್ ಮಾಡಿಬಿಡ್ತೀನಿ" ಅಂದರು.

ನೋಡಿ, ಅಲ್ಲೇ ತೊಂದರೆ. ಡಾಕ್ಟರ ಹತ್ತಿರ ಹೋದಾಗ ಯಾವ ಮಾತ್ರೆ ಒಳ್ಳೆಯದು ಅಂತ ನಾವು ಕೇಳುವುದಿಲ್ಲ. ಎಲ್ಲಿ ನೋವು ಅಂತ ಹೇಳುತ್ತೇವೆ. ಕ್ಯಾಮೆರಾ ವಿಷಯದಲ್ಲಿ ಮಾತ್ರ ನೋವನ್ನು ಅಳಿಸಿಹಾಕಿ ಮಾತ್ರೆಯ ಹೆಸರು ಕೇಳುತ್ತೇವೆ. ಚೆನ್ನಾಗಿ ಬಂದ ಫೋಟೋಗಳು ಕ್ಯಾಮೆರಾ ಕೊಳ್ಳುವವರಿಗೆ ಏನೂ ಹೇಳುವುದಿಲ್ಲ, ಅವಕ್ಕೆ ಇರುವ ಫೋನೇ ಸಾಕು ಅಂತಾಯಿತಲ್ವಾ. ಹಾಳಾದ ಫೋಟೋ ಮಾತ್ರ ಹೇಳುತ್ತದೆ, ನಿಮಗೆ ಎಲ್ಲಿ ಏನು ಸಾಲದು ಅಂತ. ಹಾಗಾಗಿ ಒಂದು ತಿಂಗಳು ಏನೂ ಕೊಳ್ಳಬೇಡಿ. ಇರುವ ಫೋನಿನಲ್ಲೇ ತೆಗೆಯುತ್ತಾ ಹೋಗಿ, ಹಾಳಾದವನ್ನೆಲ್ಲ ಒಂದು ಆಲ್ಬಮ್‌ಗೆ ಹಾಕಿಡಿ. ತಿಂಗಳ ಕೊನೆಗೆ ಕೂತು, ಒಂದೊಂದೂ ಯಾಕೆ ಹಾಳಾಯಿತು ಅಂತ ನೋಡಿ.

ನಾನು ಇದನ್ನು ಮಾಡಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡಿದ್ದು ಡಬ್ಬಿಯ ಮೇಲಿದ್ದ ಎರಡು ದೊಡ್ಡ ಅಂಕಿಗಳನ್ನು ನೋಡಿ. ಒಂದು ಮೆಗಾಪಿಕ್ಸೆಲ್, ಇನ್ನೊಂದು ಜೂಮ್. ನನಗೆ ನಿಜವಾಗಿ ಬೇಕಿದ್ದದ್ದು ಮಕ್ಕಳ ನಾಟಕದ ಫೋಟೋಗಳು. ಸಭಾಂಗಣದ ಮಂದ ಬೆಳಕು, ವೇದಿಕೆ ಮೇಲೆ ಒಂದು ಕ್ಷಣವೂ ನಿಲ್ಲದ ಮಕ್ಕಳು, ನಾನು ಹಿಂದಿನ ಸಾಲಿನಲ್ಲಿ. ಜೂಮ್ ಪೂರ್ತಿ ಎಳೆದು ತೆಗೆದೆ. ಮನೆಗೆ ಬಂದು ನೋಡಿದರೆ ಮಕ್ಕಳ ಜಾಗದಲ್ಲಿ ಬಣ್ಣದ ಹೊಗೆ. ಆ ಕ್ಯಾಮೆರಾದ ತಪ್ಪೇನೂ ಇರಲಿಲ್ಲ, ಅದು ಬೇರೆಯವರಿಗೆ ಮಾಡಿದ ಕ್ಯಾಮೆರಾ, ಅಷ್ಟೇ. ಯಾರಿಗೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಮಸುಕಾದ ಫೋಟೋಗಳಿಂದ ಶುರು ಮಾಡೋಣ, ಜಾಸ್ತಿ ಇರುವುದು ಅವೇ. ಎಲ್ಲ ಮಸುಕೂ ಒಂದೇ ಅಲ್ಲ. ಫೋಟೋವನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಗೋಡೆ, ಕುರ್ಚಿ, ಮನುಷ್ಯ, ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಅಲುಗಾಡಿದ್ದು ನಿಮ್ಮ ಕೈ. ಗೋಡೆ ಕುರ್ಚಿ ಸ್ಪಷ್ಟ ಇದ್ದು ಓಡುವ ಮಗು ಮಾತ್ರ ಎಳೆದುಕೊಂಡಿದ್ದರೆ ಕೈಯದ್ದೇನೂ ತಪ್ಪಿಲ್ಲ, ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲು, ನಿಧಾನ. ಮಗು ಮಸುಕು, ಹಿಂದಿನ ಪರದೆ ಮಾತ್ರ ದಾರ ಎಣಿಸುವ ಹಾಗೆ ಸ್ಪಷ್ಟ ಅಂದರೆ ಫೋಕಸ್ ತಪ್ಪಿದೆ. ಮೂರೂ ಬೇರೆ ಬೇರೆ ಕಾಯಿಲೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ಕೈ ಅಲುಗಿದ್ದಕ್ಕೆ ಸ್ಟೆಬಿಲೈಸೇಶನ್ ಇದೆ. ಲೆನ್ಸ್ ಒಳಗಿನ ಒಂದು ಗಾಜೋ ಇಲ್ಲವೇ ಚಿತ್ರ ಹಿಡಿಯುವ ಸೆನ್ಸರೇ ನಿಮ್ಮ ಕೈಗೆ ವಿರುದ್ಧವಾಗಿ ಸರಿದು ಸರಿದೂಗಿಸುತ್ತದೆ. ಅದು ಇಲ್ಲದ ಕಾಲದಿಂದ ಒಂದು ಕೈಲೆಕ್ಕ ನಡೆದುಬಂದಿದೆ: ಲೆನ್ಸಿನ ಫೋಕಲ್ ಲೆಂತ್ (ದೂರದ್ದನ್ನು ಎಷ್ಟು ಹತ್ತಿರ ತೋರಿಸುತ್ತದೆ ಅನ್ನುವ ಅಳತೆ) 50 ಮಿ.ಮೀ. ಆದರೆ ಶಟರ್ 1/50 ಸೆಕೆಂಡಿಗಿಂತ ನಿಧಾನ ಬೇಡ, 200 ಮಿ.ಮೀ. ಆದರೆ 1/200ಕ್ಕಿಂತ ನಿಧಾನ ಬೇಡ. ಜೂಮ್ ಎಳೆದಷ್ಟೂ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದಲ್ವಾ, ಅದಕ್ಕೆ. ಒಳ್ಳೆಯ ಸ್ಟೆಬಿಲೈಸೇಶನ್ ಇದ್ದರೆ ಈ ಲೆಕ್ಕ ತುಂಬಾ ಸಡಿಲವಾಗುತ್ತದೆ. ಕಟ್ಟಡ, ಬೆಟ್ಟ, ಮುಸ್ಸಂಜೆಯ ಬೀದಿ ತೆಗೆಯುವವರಿಗೆ ಇದು ವರವೇ ಸರಿ. ಆದರೆ ಓಡುವ ಮಗುವನ್ನು ನಿಲ್ಲಿಸಲು ಇದಕ್ಕೆ ಆಗುವುದಿಲ್ಲ. "ಸ್ಟೆಬಿಲೈಸೇಶನ್ ಇದೆ, ಮಕ್ಕಳ ಫೋಟೋಗೆ ಚೆನ್ನಾಗಿರುತ್ತೆ" ಅಂತ ಯಾರಾದರೂ ಮಾರಲು ಬಂದರೆ ಅವರಿಗೆ ಮಕ್ಕಳು ಗೊತ್ತಿಲ್ಲ ಅಂತ ತಿಳಿಯಿರಿ.

ಎರಡನೆಯ ಮಸುಕಿಗೆ ಬರೋಣ. ಇದು ನಿಜವಾಗಿ ಖರ್ಚಿನ ಕಾಯಿಲೆ. ರಾತ್ರಿ ದೀಪದ ಬೆಳಕಿನ ಕೋಣೆಯಲ್ಲಿ ಕ್ಯಾಮೆರಾ 1/15 ಸೆಕೆಂಡ್ ಶಟರ್ ಇಟ್ಟುಕೊಂಡಿದೆ ಅಂದುಕೊಳ್ಳಿ. ಆಡುವ ಮಗುವನ್ನು ಹಿಡಿಯಲು ಕಡಿಮೆ ಅಂದರೂ 1/250 ಬೇಕು. ಅಂದರೆ ಶಟರ್ ಸುಮಾರು 16 ಪಟ್ಟು ಬೇಗ ಮುಚ್ಚಬೇಕು, ಬೆಳಕು 16 ಪಟ್ಟು ಕಡಿಮೆ ಬರುತ್ತದೆ. ಆ 16 ಪಟ್ಟನ್ನು ಎಲ್ಲಿಂದ ತರುತ್ತೀರಿ? ಮೊದಲ ಕ್ಯಾಮೆರಾ ಆರಿಸುವ ಅರ್ಧ ಲೆಕ್ಕ ಈ ಒಂದು ಪ್ರಶ್ನೆಯಲ್ಲೇ ಇದೆ.

ಒಂದು ದಾರಿ ಲೆನ್ಸ್. ಕ್ಯಾಮೆರಾ ಜೊತೆ ಡಬ್ಬಿಯಲ್ಲೇ ಬರುವ ಕಿಟ್ ಲೆನ್ಸ್ ಸಾಮಾನ್ಯವಾಗಿ 18-55 ಮಿ.ಮೀ. ಆಸುಪಾಸಿನದು, ಜೂಮ್ ಎಳೆದ ತುದಿಯಲ್ಲಿ ಅದರ ಅಪರ್ಚರ್, ಅಂದರೆ ಬೆಳಕು ಬರುವ ತೂತು, ಎಫ್/5.6 ಅಥವಾ ಅದಕ್ಕಿಂತ ಸಣ್ಣದು. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು. ಜೂಮ್ ಇಲ್ಲದ 50 ಮಿ.ಮೀ. ಎಫ್/1.8 ಲೆನ್ಸ್ ಒಂದು ಬರುತ್ತದೆ, ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಮಾಡುತ್ತವೆ, ಅವರವರ ಲೆನ್ಸ್‌ಗಳಲ್ಲಿ ಅಗ್ಗದ ಸಾಲಿನಲ್ಲೇ ಇರುತ್ತದೆ. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 9.7 ಬರುತ್ತದೆ. ಅಂದರೆ ಬರೀ ಲೆನ್ಸ್ ಬದಲಿಸಿದ್ದಕ್ಕೆ ಹತ್ತಿರ ಹತ್ತಿರ 10 ಪಟ್ಟು ಬೆಳಕು. 16ರಲ್ಲಿ ದೊಡ್ಡ ಪಾಲು ಅಲ್ಲೇ ಸಿಕ್ಕಿತು. ಉಳಿದದ್ದಕ್ಕೆ ಐಎಸ್‌ಒ, ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಹಿಗ್ಗಿಸಿಕೊಳ್ಳುವ ಮಟ್ಟ, ಸ್ವಲ್ಪ ಏರಿಸಿದರೆ ಆಯಿತು.

ಇಲ್ಲಿ ಒಬ್ಬ ಹುಡುಗ ಎದ್ದು ನಿಂತ. "ನನ್ನ ಫೋನಿನ ಲೆನ್ಸೂ ಎಫ್/1.8, ಹಾಗಾದ್ರೆ ಎರಡೂ ಒಂದೇ ಅಲ್ವಾ?" ಒಳ್ಳೆಯ ಪ್ರಶ್ನೆ, ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಎಫ್ ಮುಂದಿನ ಅಂಕಿ ತೂತಿನ ಅಳತೆ ಅಲ್ಲ, ಅದೊಂದು ಭಾಗಾಕಾರ. ಲೆನ್ಸಿನ ಫೋಕಲ್ ಲೆಂತನ್ನು ತೂತಿನ ಅಗಲದಿಂದ ಭಾಗಿಸಿದರೆ ಬರುವ ಅಂಕಿ. ಫೋನಿನ ಮುಖ್ಯ ಲೆನ್ಸಿನ ನಿಜವಾದ ಫೋಕಲ್ ಲೆಂತ್ 6 ಮಿ.ಮೀ. ಅಂತಿಟ್ಟುಕೊಂಡರೆ ತೂತು 3.3 ಮಿ.ಮೀ. ಆಯಿತು. 50 ಮಿ.ಮೀ. ಲೆನ್ಸಿನಲ್ಲಿ ಅದೇ ಎಫ್/1.8 ಅಂದರೆ ಸುಮಾರು 28 ಮಿ.ಮೀ. ಅಗಲದ ತೂತು. ಹೆಸರು ಒಂದೇ, ಬಾಗಿಲು ಬೇರೆ. ಸೆನ್ಸರಿನ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಬೆಳಕು ಎರಡರಲ್ಲೂ ಒಂದೇ ಇರಬಹುದು, ಆದರೆ ಎಷ್ಟು ಚದರ ಮಿಲಿಮೀಟರ್ ಇದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಅದೇ ಎರಡನೆಯ ದಾರಿ, ಸೆನ್ಸರಿನ ಅಳತೆ. ಡಬ್ಬಿಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ, ಬರೆದರೂ ಅರ್ಥವಾಗದ ಹಾಗೆ ಬರೆಯುತ್ತಾರೆ. ಫುಲ್ ಫ್ರೇಮ್ ಅಂದರೆ 36 ಕ್ಕೆ 24 ಮಿ.ಮೀ., ಹಳೆಯ ಫಿಲ್ಮ್ ರೀಲಿನ ಒಂದು ಚಿತ್ರದ ಅಳತೆಯೇ ಅದು. 1925ರಲ್ಲಿ ಬಂದ ಲೈಕಾ ಕ್ಯಾಮೆರಾದಿಂದ ಆ ಅಳತೆ ಎಲ್ಲ ಕಡೆ ಬೇರೂರಿತು. ಅದರ ವಿಸ್ತೀರ್ಣ 864 ಚದರ ಮಿ.ಮೀ. ಎಪಿಎಸ್-ಸಿ ಅನ್ನುವುದು 370ರ ಹತ್ತಿರ, ಕ್ಯಾನನ್‌ನದು ಇನ್ನೂ ಸ್ವಲ್ಪ ಕಡಿಮೆ. ಮೈಕ್ರೋ ಫೋರ್ ಥರ್ಡ್ಸ್ 225. ಆಮೇಲೆ "1 ಇಂಚಿನ ಸೆನ್ಸರ್" ಅಂತ ಒಂದಿದೆ, ಅದು 116. ಅದರಲ್ಲಿ ಒಂದು ಇಂಚು ಎಲ್ಲಿದೆ ಅಂತ ಸ್ಕೇಲ್ ಹಿಡಿದು ಹುಡುಕಿದರೆ ಸಿಗುವುದಿಲ್ಲ, ಮೂಲೆಯಿಂದ ಮೂಲೆಗೆ ಅಳೆದರೂ 16 ಮಿ.ಮೀ. ಅಷ್ಟೇ. ಹಿಂದೆ ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ಟ್ಯೂಬ್ ಇರುತ್ತಿತ್ತು, ಟ್ಯೂಬಿನ ಹೊರಗಿನ ಅಗಲ ಒಂದು ಇಂಚು, ಚಿತ್ರ ಮೂಡುವ ಜಾಗ ಅದರೊಳಗೆ ಸಣ್ಣದು. ಟ್ಯೂಬ್ ಹೋಯಿತು, ಹೆಸರು ಮಾತ್ರ ಉಳಿಯಿತು. ಇನ್ನು ನನ್ನ ಆ ಮೊದಲ ಕ್ಯಾಮೆರಾದಲ್ಲಿ ಇದ್ದದ್ದು 1/2.3 ಇಂಚಿನದು ಅಂತ ಕರೆಯುವ ಸೆನ್ಸರ್. ಬರೀ 28 ಚದರ ಮಿ.ಮೀ. ಫುಲ್ ಫ್ರೇಮಿನಲ್ಲಿ ಅಂಥವು ಮೂವತ್ತು ಹಿಡಿಸುತ್ತವೆ. ಮಂದ ಬೆಳಕಿನ ವೇದಿಕೆಗೆ ನಾನು ಅದನ್ನು ಹೊತ್ತುಕೊಂಡು ಹೋಗಿದ್ದೆ!

ಹಾಗಂತ ಎಲ್ಲರೂ ಫುಲ್ ಫ್ರೇಮ್‌ಗೆ ಓಡಬೇಕಾಗಿಲ್ಲ. ಸೆನ್ಸರ್ ದೊಡ್ಡದಾದರೆ ಅದನ್ನು ತುಂಬಿಸುವ ಲೆನ್ಸೂ ದೊಡ್ಡದಾಗಬೇಕು, ಭಾರವಾಗಬೇಕು, ದುಬಾರಿಯಾಗಬೇಕು. ಎಪಿಎಸ್-ಸಿ ಕ್ಯಾಮೆರಾಕ್ಕೆ ಒಂದು ಎಫ್/1.8 ಲೆನ್ಸ್ ಹಾಕಿದವರು, ಫುಲ್ ಫ್ರೇಮ್‌ಗೆ ಕಿಟ್ ಜೂಮ್ ಹಾಕಿಕೊಂಡು ಓಡಾಡುವವರಿಗಿಂತ ರಾತ್ರಿಯ ಕೋಣೆಯಲ್ಲಿ ಮುಂದೆ ಇರುತ್ತಾರೆ. ಲೆಕ್ಕ ಹಾಕಿ ನೋಡಿ: ಸೆನ್ಸರಿನಿಂದ ಸಿಗುವುದು ಎರಡೂಕಾಲು ಪಟ್ಟು, ಲೆನ್ಸಿನಿಂದ ಸಿಗುವುದು ಹತ್ತು. ಬಾಡಿಗಿಂತ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾಗಿಂತ, ಲೆನ್ಸ್‌ಗೆ ದುಡ್ಡು ಹಾಕಿ ಅಂತ ಹಳಬರು ಹೇಳುವುದು ಸುಮ್ನೆ ಅಲ್ಲ.

ಒಂದು ಎಚ್ಚರಿಕೆ. ಎಪಿಎಸ್-ಸಿ ಮೇಲೆ 50 ಮಿ.ಮೀ. ಲೆನ್ಸ್ ಹಾಕಿದರೆ ಫುಲ್ ಫ್ರೇಮಿನ 75 ಮಿ.ಮೀ. ಲೆನ್ಸಿನಷ್ಟು ಕಿರಿದಾಗಿ ಕಾಣುತ್ತದೆ, ಕ್ಯಾನನ್‌ನಲ್ಲಿ 80. ಸಣ್ಣ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಮೂರು ಜನ ಹಿಡಿಸುವುದಿಲ್ಲ. ಮುಖ ತೆಗೆಯುವವರಿಗೆ ಅದು ಚೆನ್ನ. ಮನೆಯೊಳಗೆ ಆಡುವ ಮಕ್ಕಳಿಗಾದರೆ 35 ಮಿ.ಮೀ. ಇಲ್ಲವೇ ಅದಕ್ಕಿಂತ ಅಗಲ ನೋಡುವ ಲೆನ್ಸ್ ಸರಿ.

ಮೂರನೆಯ ದಾರಿ ಬೆಳಕನ್ನೇ ತರುವುದು, ಅಂದರೆ ಫ್ಲಾಶ್ ಅಥವಾ ಕಿಟಕಿ. ಕಿಟಕಿಗೆ ದುಡ್ಡಿಲ್ಲ. ಮಸುಕಾದ ಹತ್ತು ಫೋಟೋಗಳಲ್ಲಿ ಎಷ್ಟನ್ನು ಕಿಟಕಿ ಪಕ್ಕ ತೆಗೆಯಬಹುದಿತ್ತು ಅಂತ ಎಣಿಸಿ ನೋಡಿ. ಎಣಿಸಿದ ಮೇಲೆ ಕೆಲವರಿಗೆ ಕ್ಯಾಮೆರಾ ಕೊಳ್ಳುವ ಆಸೆಯೇ ಹೋಗುತ್ತದೆ. ಹೋದರೆ ಒಳ್ಳೆಯದೇ ಬಿಡಿ.

ಈಗ ಎರಡನೆಯ ಬಗೆಯ ಹಾಳು ಫೋಟೋ. ದೂರದ್ದು ಚುಕ್ಕಿಯಾಗಿ ಬಂದದ್ದು. ಇದಕ್ಕೆ ಚಂದ್ರನಿಗಿಂತ ಒಳ್ಳೆಯ ಉದಾಹರಣೆ ಇಲ್ಲ, ಯಾಕೆಂದರೆ ಎಲ್ಲರ ಫೋನಿನಲ್ಲೂ ಒಂದು ಹಾಳಾದ ಚಂದ್ರ ಇದ್ದೇ ಇರುತ್ತಾನೆ. ಕೈ ಎತ್ತಿ ಅಂದೆ, ಎಲ್ಲರೂ ಎತ್ತಿದರು. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಸೆನ್ಸರ್ ಮೇಲೆ ಅವನ ಬಿಂಬ ಎಷ್ಟು ದೊಡ್ಡದು ಬೀಳುತ್ತದೆ ಅನ್ನುವುದಕ್ಕೆ ಸುಲಭ ಲೆಕ್ಕ, ಫೋಕಲ್ ಲೆಂತನ್ನು 110ರಿಂದ ಭಾಗಿಸಿ. ಫೋನಿನ 6 ಮಿ.ಮೀ. ಲೆನ್ಸಿಗೆ ಅದು ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು. ಅದರಲ್ಲಿ ಕುಳಿ, ಕಲೆ ಎಲ್ಲಿಂದ ಕಾಣಬೇಕು? 300 ಮಿ.ಮೀ. ಲೆನ್ಸ್ ಆದರೆ 2.7 ಮಿ.ಮೀ. ಆಗ ಚಂದ್ರ ಚಂದ್ರನ ಹಾಗೆ ಕಾಣುತ್ತಾನೆ. ಪರದೆ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸುವ ಡಿಜಿಟಲ್ ಜೂಮ್ ಈ ಲೆಕ್ಕವನ್ನು ಬದಲಿಸುವುದಿಲ್ಲ, ಅದು ಬಂದಿರುವ ಚುಕ್ಕಿಯನ್ನೇ ಕತ್ತರಿಸಿ ಹಿಗ್ಗಿಸುತ್ತದೆ. ಡಬ್ಬಿ ಮೇಲೆ ಆಪ್ಟಿಕಲ್ ಜೂಮ್ ಎಷ್ಟು ಅಂತ ಮಾತ್ರ ಓದಿ.

ಅಂದ ಹಾಗೆ, ಚಂದ್ರ ಬರೀ ಬಿಳಿ ಉಂಡೆಯಾಗಿ ಬರುವುದಕ್ಕೆ ಲೆನ್ಸ್ ಕಾರಣವಲ್ಲ. ಸುತ್ತಲೂ ಕತ್ತಲೆ ಇದ್ದರೂ ಅವನ ಮೇಲೆ ಬಿದ್ದಿರುವುದು ಹಗಲಿನ ಬಿಸಿಲೇ. ಕತ್ತಲೆ ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಹಾಕಿಬಿಡುತ್ತದೆ. ಚಂದ್ರನ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಗೆ ಎಳೆಯಿರಿ.

ಹಕ್ಕಿಗಳದ್ದೂ ಇದೇ ಕಥೆ. ನಿಮ್ಮ ಹಾಳು ಆಲ್ಬಮ್ ತುಂಬಾ ದೂರದ ಹಕ್ಕಿಗಳೇ ಇದ್ದರೆ, ಎಪಿಎಸ್-ಸಿ ಕ್ಯಾಮೆರಾ ಮತ್ತು 300 ಮಿ.ಮೀ.ವರೆಗೆ ಹೋಗುವ ಜೂಮ್ ಕಡಿಮೆ ಅಂದರೂ ಬೇಕು. ಅಲ್ಲಿ ಸಣ್ಣ ಸೆನ್ಸರ್ ನಿಮ್ಮ ಕಡೆಗೇ ಇದೆ, 300 ಅನ್ನುವುದು 450ರ ಹಾಗೆ ಕಾಣುತ್ತದೆ. ಅಷ್ಟು ಹೊರುವುದು ಬೇಡ, ಬಿಸಿಲಿನಲ್ಲಿ ಮಾತ್ರ ತೆಗೆಯುತ್ತೇನೆ, ಯಾವ ಹಕ್ಕಿ ಅಂತ ಗುರುತು ಸಿಕ್ಕರೆ ಸಾಕು ಅನ್ನುವವರಿಗೆ ಲೆನ್ಸ್ ಬಿಚ್ಚಲು ಬಾರದ ಉದ್ದ ಜೂಮಿನ ಕ್ಯಾಮೆರಾ ಒಳ್ಳೆಯದು. ನನ್ನ ಮೊದಲ ಕ್ಯಾಮೆರಾ ಇವರಿಗೆ ಮಾಡಿದ್ದು. ಅದನ್ನು ಕೊನೆಗೆ ಹಕ್ಕಿ ನೋಡುವ ಗೆಳೆಯರೊಬ್ಬರಿಗೆ ಕೊಟ್ಟೆ, ಇವತ್ತಿಗೂ ಅದನ್ನು ಹೊಗಳುತ್ತಾರೆ. ನಾನು ಬೈದುಕೊಂಡಿದ್ದ ಕ್ಯಾಮೆರಾ!

ಮೂರನೆಯದು, ಕ್ಷಣ ತಪ್ಪಿದ ಫೋಟೋ. ನಾಯಿ ಹಾರಿದ ಮೇಲೆ ಖಾಲಿ ಹುಲ್ಲು, ಮಗು ನಕ್ಕು ಮುಗಿಸಿದ ಮೇಲಿನ ಮುಖ. ಇದಕ್ಕೆ ಬೇಕಿರುವುದು ಬೇಗ ಎಚ್ಚರವಾಗುವ ಕ್ಯಾಮೆರಾ, ಬೇಗ ಹಿಡಿಯುವ ಆಟೋಫೋಕಸ್, ಕಣ್ಣಿಗೆ ಒತ್ತಿಕೊಂಡು ನೋಡುವ ವ್ಯೂಫೈಂಡರ್. ಬಿಸಿಲಿನಲ್ಲಿ ಕ್ಯಾಮೆರಾ ಬೆನ್ನಿನ ಸ್ಕ್ರೀನ್‌ನಲ್ಲಿ ಏನೂ ಕಾಣುವುದಿಲ್ಲ, ಒಮ್ಮೆ ಬಿಸಿಲಿಗೆ ಹಿಡಿದು ನೋಡಿಯೇ ಕೊಳ್ಳಿ. ಕಣ್ಣಿಗೆ ಒತ್ತಿಕೊಂಡರೆ ಕೈಯೂ ಕಡಿಮೆ ಅಲುಗುತ್ತದೆ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಬಂತು, "ಡಿಎಸ್‌ಎಲ್‌ಆರೋ ಮಿರರ್‌ಲೆಸ್ಸೋ?" ಡಿಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಇದೆ, ಲೆನ್ಸಿನಿಂದ ಬಂದ ಬೆಳಕನ್ನು ಮೇಲಕ್ಕೆ ತಿರುಗಿಸಿ ನಿಮ್ಮ ಕಣ್ಣಿಗೆ ಕಳಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲೆದ್ದು ಸೆನ್ಸರಿಗೆ ದಾರಿ ಬಿಡುತ್ತದೆ, ಆ ಟಕ್ ಸದ್ದು ಬರುವುದು ಹಾಗೆ. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ, ಸೆನ್ಸರ್ ಸದಾ ನೋಡುತ್ತಿರುತ್ತದೆ, ಅದು ಕಂಡದ್ದನ್ನೇ ನಿಮಗೆ ತೋರಿಸುತ್ತದೆ. 2008ರಲ್ಲಿ ಪ್ಯಾನಸೋನಿಕ್ ಜಿ1 ಬಂದಾಗ ಇದು ಸಣ್ಣ ಪ್ರಯೋಗದ ಹಾಗಿತ್ತು. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಫುಲ್ ಫ್ರೇಮ್ ಮಿರರ್‌ಲೆಸ್ ತಂದ ಮೇಲೆ ಗಾಳಿ ಯಾವ ಕಡೆ ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಹೊಸಬರಿಗೆ ಮಿರರ್‌ಲೆಸ್‌ನ ದೊಡ್ಡ ಉಪಕಾರ ಅಂದರೆ, ಒತ್ತುವ ಮೊದಲೇ ಫೋಟೋ ಕಪ್ಪಾಗುತ್ತದೋ ಬೆಳ್ಳಗಾಗುತ್ತದೋ ಅಂತ ಕಾಣುತ್ತದೆ. ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವುದನ್ನೂ ಅವು ಚೆನ್ನಾಗಿ ಮಾಡುತ್ತವೆ. ಆಗ ಹೇಳಿದ ಮೂರನೆಯ ಮಸುಕು, ಪರದೆ ಸ್ಪಷ್ಟ ಮಗು ಮಸುಕು, ಅದಕ್ಕೆ ಇದೇ ಔಷಧಿ. ಸೆನ್ಸರ್ ಸದಾ ಎಚ್ಚರ ಇರುವುದರಿಂದ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಡಿಎಸ್‌ಎಲ್‌ಆರ್ ಒಂದು ಚಾರ್ಜಿಗೆ ಸಾವಿರದ ಹತ್ತಿರ ತೆಗೆದರೆ, ಶುರುವಿನ ಮಟ್ಟದ ಮಿರರ್‌ಲೆಸ್‌ಗಳಿಗೆ 300-400 ಅಂತ ಬರೆದಿರುವುದು ಸಾಮಾನ್ಯ. ಎರಡನೆಯ ಬ್ಯಾಟರಿಯನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ, ಮನೆಯಲ್ಲಿ ಯಾರದೋ ಹಳೆಯ ಲೆನ್ಸ್ ಇದ್ದರೆ, ಡಿಎಸ್‌ಎಲ್‌ಆರ್ ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ಕ್ಯಾನನ್ ಇಎಫ್ ಲೆನ್ಸ್‌ಗಳು 1987ರಿಂದ ಬರುತ್ತಿವೆ, ನಿಕಾನ್ ಎಫ್ ಮೌಂಟ್ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) 1959ರದ್ದು, ಹಳೆಯ ಸರಕು ರಾಶಿ ಇದೆ. ಮುಂದೆ ಮಿರರ್‌ಲೆಸ್‌ಗೆ ಹೋದರೂ ಆ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಬಳಸಬಹುದು. ಇಎಫ್‌ನಲ್ಲಿ ಮೌಂಟಿನಿಂದ ಸೆನ್ಸರಿಗೆ 44 ಮಿ.ಮೀ. ದೂರ, ಕ್ಯಾನನ್‌ನ ಹೊಸ ಮಿರರ್‌ಲೆಸ್ ಮೌಂಟ್ ಆರ್‌ಎಫ್‌ನಲ್ಲಿ 20. ಉಳಿದ 24 ಮಿ.ಮೀ. ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಹೊಸ ಲೆನ್ಸನ್ನು ಹಳೆಯ ಕ್ಯಾಮೆರಾ ಬಾಡಿಯ ಮೇಲೆ ಹಾಕಲು ಮಾತ್ರ ಆಗುವುದಿಲ್ಲ, ಜಾಗವೇ ಇಲ್ಲವಲ್ಲ. ಕೆಲವು ನಿಕಾನ್ ಹಳೆಯ ಲೆನ್ಸ್‌ಗಳಲ್ಲಿ ಆಟೋಫೋಕಸ್ ಮೋಟರ್ ಇರುವುದಿಲ್ಲ, ಶುರುವಿನ ಮಟ್ಟದ ಬಾಡಿಗಳಲ್ಲೂ ಇರುವುದಿಲ್ಲ, ಆಗ ಕೈಯಿಂದಲೇ ಫೋಕಸ್ ತಿರುಗಿಸಬೇಕು. ಕೊಳ್ಳುವ ಮೊದಲು ಇದೊಂದನ್ನು ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಅಂದ ಮೇಲೆ ಪರೀಕ್ಷೆ ಹೇಗೆ ಅಂತಲೂ ಹೇಳಬೇಕು. ಅಪರ್ಚರನ್ನು ಎಫ್/16ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆಯದ್ದೊಂದು ಫೋಟೋ ತೆಗೆಯಿರಿ. ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕಿಗಳಾಗಿ ಕಾಣುತ್ತದೆ. ಧೂಳನ್ನು ತೆಗೆಸಬಹುದು, ಗೀರನ್ನು ತೆಗೆಸಲಾಗುವುದಿಲ್ಲ. ಲೆನ್ಸನ್ನು ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ, ಒಳಗೆ ಜೇಡರ ಬಲೆಯ ಎಳೆಯ ಹಾಗೆ ಹರಡಿದ್ದರೆ ಅದು ಫಂಗಸ್, ಬೂಷ್ಟು. ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಶಟರ್ ಎಷ್ಟು ಸಲ ಹೊಡೆದಿದೆ ಅಂತ ಕೇಳಿ. ಶುರುವಿನ ಮಟ್ಟದ ಡಿಎಸ್‌ಎಲ್‌ಆರ್‌ಗಳ ಶಟರಿಗೆ 1,00,000 ಹೊಡೆತ ಅನ್ನುವುದು ಸಾಮಾನ್ಯವಾಗಿ ಹೇಳುವ ಆಯಸ್ಸು. ಎಲ್ಲ ಬಟನ್ ಒತ್ತಿ, ಎಲ್ಲ ಚಕ್ರ ತಿರುಗಿಸಿ, ನಿಮ್ಮದೇ ಕಾರ್ಡ್ ಹಾಕಿ ತೆಗೆದು ನೋಡಿ. ಮಾರುವವರು ಅವಸರ ಮಾಡಿದರೆ ಎದ್ದು ಬನ್ನಿ.

ಮೆಗಾಪಿಕ್ಸೆಲ್ ಬಗ್ಗೆ ಇನ್ನೂ ಏನೂ ಹೇಳಲಿಲ್ಲ ಅಂತ ಒಬ್ಬರು ಚೀಟಿ ಕಳಿಸಿದ್ದರು. ಬೇಕಂತಲೇ ಬಿಟ್ಟಿದ್ದೆ. 1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು 0.01 ಮೆಗಾಪಿಕ್ಸೆಲ್. 100ಕ್ಕೆ 100 ಚುಕ್ಕಿ, ಕಪ್ಪು ಬಿಳುಪು. ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್, ತೂಕ ಸುಮಾರು 3.6 ಕಿಲೋ. ಅಲ್ಲಿಂದ ಬಹಳ ವರ್ಷ ಮೆಗಾಪಿಕ್ಸೆಲ್ ಏರಿದ್ದಕ್ಕೆ ನಿಜವಾದ ಅರ್ಥ ಇತ್ತು. ಈಗ? ಎ4 ಹಾಳೆಯಲ್ಲಿ ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿಸಲು 8.7 ಮೆಗಾಪಿಕ್ಸೆಲ್ ಸಾಕು. 4ಕೆ ಟಿವಿ ತುಂಬಲು 8.3. ಇವತ್ತು ಲೆನ್ಸ್ ಬದಲಿಸುವ ಯಾವ ಹೊಸ ಕ್ಯಾಮೆರಾ ಕೊಂಡರೂ ಅದನ್ನು ದಾಟಿಯೇ ಇರುತ್ತದೆ. 12ರಿಂದ 24ಕ್ಕೆ ಏರಿದರೆ ಫೋಟೋ ಎರಡು ಪಟ್ಟು ಅಗಲವಾಗುವುದೂ ಇಲ್ಲ, 1.4 ಪಟ್ಟು ಅಷ್ಟೇ. ದೂರದ ಹಕ್ಕಿಯನ್ನು ಕತ್ತರಿಸಿಕೊಳ್ಳುವವರಿಗೆ ಜಾಸ್ತಿ ಚುಕ್ಕಿ ಉಪಯೋಗಕ್ಕೆ ಬರುತ್ತದೆ. ಮಿಕ್ಕವರು ಆ ಅಂಕಿಯನ್ನು ಓದದೆ ಮುಂದೆ ಹೋಗಬಹುದು.

ಈಗ ಒಂದು ಕಹಿ ಮಾತು. ಹೊಸ ಕ್ಯಾಮೆರಾ ತಂದು ಮೊದಲ ದಿನ ತೆಗೆದ ಫೋಟೋ ನಿಮ್ಮ ಫೋನಿನ ಫೋಟೋಗಿಂತ ಸಪ್ಪೆಯಾಗಿ ಕಾಣಬಹುದು. ಗಾಬರಿಯಾಗಬೇಡಿ, ಕ್ಯಾಮೆರಾ ಕೆಟ್ಟಿಲ್ಲ. ಫೋನು ಒಂದು ಒತ್ತಿಗೆ ಹಲವು ಫೋಟೋ ತೆಗೆದು, ಬೆಳ್ಳಗಾದ ಆಕಾಶವನ್ನು ಒಂದರಿಂದ, ಕಪ್ಪಾದ ನೆರಳನ್ನು ಇನ್ನೊಂದರಿಂದ ಹೆಕ್ಕಿ, ಹೊಲಿದು, ಬಣ್ಣ ಹಚ್ಚಿ ಕೊಡುತ್ತದೆ. ಕ್ಯಾಮೆರಾ ಸಾಮಾನ್ಯವಾಗಿ ಆ ಕೆಲಸವನ್ನು ನಿಮಗೆ ಬಿಡುತ್ತದೆ. ಅದಕ್ಕೇ ರಾ ಫೈಲ್, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೆಯೇ ಇಟ್ಟ ಫೈಲ್, ಅಂತ ಇರುವುದು. ಕ್ಯಾಮೆರಾವೇ ಸಿದ್ಧ ಮಾಡಿ ಕೊಡುವ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಕಪ್ಪಾದ ಮುಖವನ್ನು ಆಮೇಲೆ ಎತ್ತಲು ಆ ಮೆಟ್ಟಿಲುಗಳು ಬೇಕು. ಕಂಪ್ಯೂಟರ್ ಮುಂದೆ ಕೂರಲು ನನಗೆ ಪುರುಸೊತ್ತಿಲ್ಲ, ಇಷ್ಟವೂ ಇಲ್ಲ ಅನ್ನುವವರು ಇದನ್ನು ಈಗಲೇ ಒಪ್ಪಿಕೊಳ್ಳಿ. ಆಗ ಕೊಳ್ಳುವಾಗ ನೋಡಬೇಕಾದ್ದು ಬೇರೆ: ಕ್ಯಾಮೆರಾ ಒಳಗೇ ಬರುವ ಜೆಪೆಗ್ ಬಣ್ಣ ನಿಮ್ಮ ಕಣ್ಣಿಗೆ ಹಿತವಾಗಿದೆಯಾ, ಫೋನಿಗೆ ಸುಲಭವಾಗಿ ಕಳಿಸಬಹುದಾ, ಅಷ್ಟೇ.

ಬೇರೆ ಚಿಲ್ಲರೆ ವಿಷಯಗಳು. ಇರುವ ದುಡ್ಡನ್ನು ಹತ್ತು ಪಾಲು ಮಾಡಿ, ಕ್ಯಾಮೆರಾ ಬಾಡಿಯ ಮೇಲೆ ಐದಕ್ಕಿಂತ ಜಾಸ್ತಿ ಹಾಕಬೇಡಿ. ಕಾರ್ಡಿನ ಮೇಲೆ ವಿ30 ಅಂತ ಇದ್ದರೆ ಸೆಕೆಂಡಿಗೆ ಕಡಿಮೆ ಅಂದರೂ 30 ಎಂಬಿ ಬರೆಯುತ್ತದೆ ಅಂತ ಅರ್ಥ, ಶುರುವಿಗೆ ಧಾರಾಳ. ಒಂದು ದೊಡ್ಡ ಕಾರ್ಡಿಗಿಂತ ಎರಡು ಸಣ್ಣವು ವಾಸಿ, ಕಳೆದರೂ ಅರ್ಧ ಉಳಿಯುತ್ತದೆ. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಮುಚ್ಚಿಡಬೇಡಿ, ತೇವಕ್ಕೆ ಬೂಷ್ಟು ಬರುವುದು ಹಾಗೆಯೇ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಅಂಗಡಿಯಲ್ಲಿ ಕ್ಯಾಮೆರಾವನ್ನು ಲೆನ್ಸ್ ಸಮೇತ ಒಂದು ಕೈಯಲ್ಲಿ ಐದು ನಿಮಿಷ ಹಿಡಿದು ನಿಲ್ಲಿ. ಕಿರುಬೆರಳು ಹಿಡಿಯಲು ಜಾಗವಿಲ್ಲದೆ ಕೆಳಗೆ ನೇತಾಡಿದರೆ, ಮಣಿಕಟ್ಟು ನೋಯಲು ಶುರುವಾದರೆ, ಎಷ್ಟೇ ಒಳ್ಳೆಯ ಹೆಸರಿದ್ದರೂ ಅದು ಮನೆಯಲ್ಲೇ ಉಳಿಯುವ ಕ್ಯಾಮೆರಾ.

ಮುಗಿಸಿ ಕೆಳಗಿಳಿದ ಮೇಲೆ ವಯಸ್ಸಾದ ಒಬ್ಬ ಅಮ್ಮ ಹತ್ತಿರ ಬಂದರು. ಅವರು ಯಾವ ಫೋಟೋವನ್ನೂ ಅಳಿಸಿರಲಿಲ್ಲ. ಹೇಗೆ ಅಳಿಸುವುದು ಅಂತ ಗೊತ್ತಿರಲಿಲ್ಲವಂತೆ. ನೋಡಿದರೆ ಹಾಳಾದವೆಲ್ಲ ಒಂದೇ ಬೆಕ್ಕಿನ ಫೋಟೋಗಳು. ಕಪ್ಪು ಬೆಕ್ಕು, ಫೋಟೋದಲ್ಲಿ ಬೂದಿ ಬಣ್ಣ, ಎಲ್ಲವೂ ಎಳೆದುಕೊಂಡಿವೆ. "ಯಾವ ಕ್ಯಾಮೆರಾ ತಗೊಳ್ಳಲಪ್ಪಾ?" ಅಂದರು.

ನಾನು ಅವರಿಗೆ ಹೇಳಿದ್ದು ಇಷ್ಟು. ಕ್ಯಾಮೆರಾಕ್ಕೆ ಬೆಕ್ಕು ಕಪ್ಪು ಅಂತ ಗೊತ್ತಿಲ್ಲಮ್ಮ, ಬೆಳಕು ಸಾಲದು ಅಂದುಕೊಳ್ಳುತ್ತದೆ. ಬೆಳಕು ಜಾಸ್ತಿ ತುಂಬಲು ಶಟರನ್ನು ನಿಧಾನ ಮಾಡುತ್ತದೆ. ಅದಕ್ಕೇ ಬೆಕ್ಕು ಬೂದಿಯೂ ಆಯಿತು, ಮಸುಕೂ ಆಯಿತು, ಎರಡೂ ಒಂದೇ ತಪ್ಪು. ಬೆಕ್ಕಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ, ಬೆಕ್ಕು ಕಪ್ಪಾಗುವವರೆಗೆ. ಆಮೇಲೆ ತೆಗೆಯಿರಿ. ಆದರೆ ಕಿಟಕಿ ಹತ್ತಿರ ಕೂತಾಗ.

ಹೋದ ವಾರ ಅವರ ಫೋಟೋ ಒಂದು ಬಂತು, ಅದೇ ಫೋನಿನಲ್ಲಿ ತೆಗೆದದ್ದು. ಕಿಟಕಿಯ ಕಟ್ಟೆ, ಇದ್ದಿಲಿನಂಥ ಕಪ್ಪು ಬೆಕ್ಕು, ಎರಡು ಹಳದಿ ಕಣ್ಣು, ಮೀಸೆಯ ಒಂದೊಂದು ಕೂದಲೂ ಎಣಿಸಬಹುದು. ಬಾಲ ಮಾತ್ರ ಇನ್ನೂ ಮಸುಕು.